ವಿಜಯಪುರದ ಎರಿ ಮಣ್ಣಿನಲ್ಲಿ ದಾಸವಾಳ ಹಚ್ಚುವುದು: ಮಿರಗದಿಂದ ಮಿರಗದವರೆಗೆ

ರೋಹಿಣಿಯ ನಾಲ್ಕು ಹನಿ ಬಿದ್ದು ನೆಲದ ವಾಸನೆ ಎದ್ದಿತೆಂದರೆ ನಮ್ಮ ಓಣಿಯ ಹೂಗಿಡದ ಬಳಗದಲ್ಲಿ ಒಂದೇ ಮಾತು: ಈ ಸಲ ಕಡ್ಡಿ ಯಾವತ್ತು ಹಂಚೂದು? ಬಳಗ ಅಂದರೆ ದೊಡ್ಡದೇನಲ್ಲ. ಒಬ್ಬರ ಅಂಗಳದ ಗಿಡ ಇನ್ನೊಬ್ಬರ ಅಂಗಳದಲ್ಲೂ ಅರಳಲಿ ಅಂತ ಬಯಸುವ ಹದಿನಾಲ್ಕು ಮನೆ. ಈ ವರ್ಷ ನಾಲ್ಕು ಹೊಸ ಮನೆ ಸೇರಿವೆ. ನಾಲ್ಕೂ ಮನೆಯವರು ಬಂದ ದಿನವೇ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮಲ್ಲಿ ದಾಸಾಳ ಹಚ್ಚಿದ್ದೆಲ್ಲ ಎರಡನೇ ವರ್ಷಕ್ಕೆ ಒಣಗತಾವಲ್ರೀ, ಯಾಕ?"

ಅವರಿಗಾಗಿ, ಮತ್ತು ಎರಿ, ಅಂದರೆ ಕಪ್ಪು ಜೇಡಿ ನೆಲದ ಮೇಲೆ ಮನೆ ಕಟ್ಟಿಕೊಂಡ ಎಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ದಾಸವಾಳ ಬಿಸಿಲಿಗೆ ಸಾಯುವುದು ಕಡಿಮೆ. ಅದು ಸಾಯುವುದು ಮಳೆಗಾಲದಲ್ಲಿ, ನಾವೇ ತೋಡಿದ ಗುಂಡಿಯಲ್ಲಿ ಮುಳುಗಿ.

ಇದನ್ನು ನಾನು ಕಲಿತದ್ದು ಏಳು ಗಿಡ ಹಚ್ಚಿ ಐದನ್ನು ಕಳೆದುಕೊಂಡು. ಹೊಸ ಮನೆಗೆ ಬಂದ ವರ್ಷ ಎಲ್ಲರೂ ಹೇಳುವಂತೆ ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ತೆಗೆದು, ಕೆಂಪು ಮಣ್ಣು ಮತ್ತು ತಿಪ್ಪೆ ಗೊಬ್ಬರ ತುಂಬಿ ಹಚ್ಚಿದ್ದೆ. ಶ್ರಾವಣದವರೆಗೆ ಗಿಡಗಳು ನೋಡುವಂತಿದ್ದವು. ಉತ್ತರಿ ಮಳೆ ಮೂರು ದಿನ ಹಿಡಿಯಿತು. ಮಳೆ ಬಿಟ್ಟ ಮೇಲೆ ಎಲೆಗಳು ಜೋತುಬಿದ್ದವು. ನೀರು ಸಾಲದಾಯಿತೇನೋ ಎಂದು ಕೊಡ ಎತ್ತಿ ಮತ್ತಷ್ಟು ಸುರಿದೆ. ದಸರೆಯ ಹೊತ್ತಿಗೆ ಐದು ಗಿಡ ಒಣಗಿ ನಿಂತವು. ಕಿತ್ತು ನೋಡಿದರೆ ಬೇರು ಕಪ್ಪಾಗಿದ್ದವು, ಸಿಪ್ಪೆ ಕೈಗೆ ಕಳಚಿ ಬರುತ್ತಿತ್ತು, ಕೊಳೆತ ವಾಸನೆ. ಗುಂಡಿಯ ತಳದಲ್ಲಿ ಇನ್ನೂ ಗೇಣುದ್ದ ನೀರು. ಸುತ್ತಲಿನ ಎರಿ ಒದ್ದೆಯಾದ ಮೇಲೆ ಉಬ್ಬಿ, ಮಡಕೆಯ ಗೋಡೆಯಂತೆ ಮುಚ್ಚಿಕೊಂಡಿತ್ತು. ಒಳಗಿನ ಸಡಿಲ ಕೆಂಪು ಮಣ್ಣಿಗೆ ಇಳಿದ ನೀರು ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಗುಂಡಿ ತೋಡಿ ಹಚ್ಚುವ ಪದ್ಧತಿ ನೀರು ಬಸಿಯುವ ಕೆಂಪು ನೆಲದ್ದು. ಬೆಳಗಾವಿಯಲ್ಲಿ ನನ್ನ ತಂಗಿಯ ಮನೆಯಿದೆ. ಅಲ್ಲಿಯ ಕೆಂಪು ಮಣ್ಣಿಗೆ ಮಳೆಗಾಲದಲ್ಲಿ ಕಡ್ಡಿ ಚುಚ್ಚಿ ಮರೆತರೂ ಬೇಲಿಯಾಗಿ ಎದ್ದು ನಿಲ್ಲುತ್ತದೆ. ಅದೇ ಗಿಡದ ಕಡ್ಡಿ ಇಲ್ಲಿಗೆ ತಂದರೆ ಮೂರನೇ ತಿಂಗಳಿಗೆ ಎಲೆ ಹಳದಿ. ಗಿಡ ಅದೇ, ನೆಲ ಬೇರೆ. ಹಾಗಾಗಿ ಮೊದಲು ನೆಲದಿಂದಲೇ ಶುರುಮಾಡೋಣ.

ನೆಲದ ಪರೀಕ್ಷೆ

ನಮ್ಮ ಎರಿ ದಖ್ಖನ್ ಕಪ್ಪುಕಲ್ಲು ಸವೆದು ಆದದ್ದು. ಇದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಮೊಳಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಹಿಂಗಾರಿ ಬಿಳಿಜೋಳಕ್ಕೆ ಇದಕ್ಕಿಂತ ಒಳ್ಳೆಯ ನೆಲವಿಲ್ಲ. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹಸಿ ಹಿಡಿದು, ಮಂಜಿನಲ್ಲೇ ಬೆಳೆ ಬರಿಸುತ್ತದೆ. ಆದರೆ ಜೋಳಕ್ಕೆ ಅನ್ನ ಕೊಡುವ ಈ ಗುಣವೇ ದಾಸವಾಳದ ಬೇರಿಗೆ ಉಸಿರು ಕಟ್ಟಿಸುತ್ತದೆ.

ಎರಡು ಪರೀಕ್ಷೆ ಮನೆಯಲ್ಲೇ ಆಗುತ್ತವೆ. ಒಂದು, ಬಸಿತ. ಒಂದು ಅಡಿ ಆಳದ ತಗ್ಗು ತೆಗೆದು ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ ನೋಡಿ. ತಾಸಿಗೆ ಒಂದು ಇಂಚಿನಷ್ಟಾದರೂ ಇಳಿದರೆ ಸರಿ. ಈ ಪರೀಕ್ಷೆಯನ್ನು ಮೇ ತಿಂಗಳ ಒಣ ನೆಲದಲ್ಲಿ ಮಾಡಬೇಡಿ. ಬಿರುಕುಗಳಲ್ಲಿ ನೀರು ಗಳಗಳನೆ ಇಳಿದುಹೋಗಿ "ನಮ್ಮ ನೆಲ ಚಲೋ ಬಸಿತದ" ಎಂದು ನಂಬಿಸಿಬಿಡುತ್ತದೆ. ಒಂದೆರಡು ದೊಡ್ಡ ಮಳೆಯಾಗಿ ಬಿರುಕು ಮುಚ್ಚಿದ ಮೇಲೆ ಮಾಡಿದರೆ ಮಾತ್ರ ನಿಜ ತಿಳಿಯುತ್ತದೆ.

ಎರಡನೆಯದು, ಸುಣ್ಣ. ಒಣ ಮಣ್ಣಿನ ಹೆಂಟೆಯ ಮೇಲೆ ಒಂದು ಚಮಚ ವಿನೆಗರ್ ಹಾಕಿ ಕಿವಿ ಹತ್ತಿರ ತನ್ನಿ. ಸುರ್ ಎಂದು ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣವಿದೆ. ನಮ್ಮ ಭಾಗದ ಹೆಚ್ಚಿನ ಎರಿಯಲ್ಲಿ ಇದ್ದೇ ಇರುತ್ತದೆ. ಅಗೆದಾಗ ಸಿಗುವ ಬಿಳಿ ಹರಳುಗಳೂ ಅವೇ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದರೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 8ರ ಮೇಲೆ ಬರುವುದೇ ಹೆಚ್ಚು. ದಾಸವಾಳಕ್ಕೆ ಹಿತವಾದದ್ದು 6ರಿಂದ 7. ಈ ಅಂತರದ ಪರಿಣಾಮ ಮುಂದೆ ಎಲೆಯ ಬಣ್ಣದಲ್ಲಿ ಕಾಣುತ್ತದೆ.

ಗಂಧಕ ಹಾಕಿ ಇಡೀ ಅಂಗಳದ ಪಿಎಚ್ ಇಳಿಸುತ್ತೇನೆ ಎಂದು ಹೊರಡಬೇಡಿ. ಮಣ್ಣಿನಲ್ಲಿ ಸುಣ್ಣ ಇರುವವರೆಗೂ ಅದು ಹಾಕಿದ ಗಂಧಕವನ್ನೆಲ್ಲ ನುಂಗುತ್ತಲೇ ಇರುತ್ತದೆ. ಜಿಪ್ಸಂ ಸವಳು ನೆಲಕ್ಕೆ ಮದ್ದು, ಸುಣ್ಣಕ್ಕಲ್ಲ. ಒಂದೆರಡು ಪುಟ್ಟಿ ಉಸುಕು ಬೆರೆಸಿದರೆ ಎರಿ ಸಡಿಲವಾಗುತ್ತದೆ ಎನ್ನುವುದೂ ಸುಳ್ಳು. ಅಷ್ಟು ಉಸುಕು ಎರಿಯ ಜೊತೆ ಸೇರಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನೆಲ ಬದಲಿಸಲು ಹೋಗದೆ ಗಿಡವನ್ನು ನೆಲದಿಂದ ಮೇಲೆ ಎತ್ತುವುದೇ ದಾರಿ.

ದಿಬ್ಬ ಕಟ್ಟುವುದು

ಈ ಕೆಲಸ ಮಿರಗ (ಮೃಗಶಿರಾ ಮಳೆ) ಕೂಡುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ ಮುಗಿಯಬೇಕು. ಎರಿ ಒದ್ದೆಯಾದ ಮೇಲೆ ಅದರ ಮೇಲೆ ಕಾಲಿಡುವುದೇ ತಪ್ಪು. ತುಳಿದ ಕಡೆಯೆಲ್ಲ ಜೇಡಿ ಒತ್ತಿ ಹೆಂಟೆಯಾಗುತ್ತದೆ, ಆ ಹೆಂಟೆ ವರ್ಷಪೂರ್ತಿ ಒಡೆಯುವುದಿಲ್ಲ.

ಜಾಗ ಮೊದಲು. ದಾಸವಾಳಕ್ಕೆ ಐದಾರು ತಾಸು ಬಿಸಿಲು ಬೇಕು, ಆದರೆ ನಮ್ಮ ಏಪ್ರಿಲ್‌ನ ಮಧ್ಯಾಹ್ನದ ಬಿಸಿಲು ಬೇಡ. ಮನೆಯ ಪೂರ್ವ ದಿಕ್ಕು ಉತ್ತಮ. ಪಶ್ಚಿಮದ ಗೋಡೆಗೆ ಹತ್ತಿಸಿ ಹಚ್ಚಿದರೆ ಸಂಜೆ ಏಳರವರೆಗೂ ಗೋಡೆ ಕಾವಲಿಯಂತೆ ಕಾಯುತ್ತಲೇ ಇರುತ್ತದೆ, ಮೊಗ್ಗು ಉದುರುತ್ತವೆ. ಕಾಂಪೌಂಡಿನಿಂದ ಮೂರು ಅಡಿ, ಗಿಡದಿಂದ ಗಿಡಕ್ಕೆ ಐದಾರು ಅಡಿ ಬಿಡಿ. ಅಡಿಪಾಯದ ಪಕ್ಕ ನೀರು ಹಾಯಿಸುವುದು ಎರಿ ನೆಲದಲ್ಲಿ ಮನೆಗೂ ಕೇಡು.

ನಾಲ್ಕು ಅಡಿ ಅಗಲದ ಸುತ್ತು ಗುರುತು ಹಾಕಿ. ಅದರೊಳಗಿನ ನೆಲವನ್ನು ಅರ್ಧ ಅಡಿ ಮಾತ್ರ ಅಗೆದು ಸಡಿಲಿಸಿ, ಹೊರಗೆ ತೆಗೆಯಬೇಡಿ. ಮೂರು ಪುಟ್ಟಿ ಮಸಾರಿ (ಸಡಿಲ ಕೆಂಪು ಮಣ್ಣು), ಎರಡು ಪುಟ್ಟಿ ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ, ಒಂದು ಪುಟ್ಟಿ ಪುಡಿಯಾದ ಎರಿ, ಎರಡು ಮುಷ್ಟಿ ಬೇವಿನ ಹಿಂಡಿ, ಇದು ನಮ್ಮ ಅಳತೆ. ಮೊದಲ ಪುಟ್ಟಿಯ ಮಿಶ್ರಣವನ್ನು ಕೆಳಗಿನ ಸಡಿಲ ಎರಿಯೊಂದಿಗೆ ಕಲಸಿ. ಮೇಲಿನ ಮಣ್ಣಿಗೂ ಕೆಳಗಿನ ಎರಿಗೂ ನಡುವೆ ಗೆರೆ ಎಳೆದಂತಹ ಗಡಿ ಉಳಿಯಬಾರದು. ಉಳಿದರೆ ಬೇರು ಆ ಗಡಿಯಲ್ಲೇ ಸುತ್ತುತ್ತದೆ, ಕೆಳಗಿಳಿಯುವುದಿಲ್ಲ. ಇದೇ ಅಳತೆಯಲ್ಲಿ ಮಿಶ್ರಣ ಮಾಡುತ್ತ, ನಡುವೆ ಒಂದೂವರೆ ಅಡಿ ಎತ್ತರ ಬರುವವರೆಗೆ ಏರಿಸಿ. ಮೊದಲ ಮಳೆಗೆ ಅದು ಕುಸಿದು ಒಂದು ಅಡಿ, ಒಂದೂಕಾಲು ಅಡಿಗೆ ನಿಲ್ಲುತ್ತದೆ.

ಮಸಾರಿ ಸಿಗುವುದು ಸ್ವಲ್ಪ ಕಷ್ಟ. ಬಾದಾಮಿ ಕಡೆಯ ಕೆಂಪು ಮರಳುಗಲ್ಲಿನ ಮಣ್ಣು ಸಿಕ್ಕರೆ ಬಂಗಾರ. ಬಳಗದವರು ಕೂಡಿ ಒಂದು ಟ್ರ್ಯಾಕ್ಟರ್ ತರಿಸಿ ಹಂಚಿಕೊಂಡರೆ ಖರ್ಚು ಹಗುರ. ಗರಸು ಬಳಸುವವರು ಅದರಲ್ಲಿ ಬಿಳಿ ಹರಳು ಇಲ್ಲದ್ದನ್ನು ಆರಿಸಿ.

ದಿಬ್ಬದ ಸುತ್ತ ಗೇಣು ಅಗಲದ ಕಾಲುವೆ ತೆಗೆದು, ಅದರ ಬಾಯಿಯನ್ನು ಇಳಿಜಾರಿನ ಕಡೆಗೆ ಬಿಡಿ. ಹೊಲದಲ್ಲಿ ಮಳೆ ನೀರು ಹಿಡಿಯಲು ಚೌಕುಮಡಿ ಕಟ್ಟಿ ಬೆಳೆದ ನಮಗೆ ನೀರನ್ನು ಹೊರಗೆ ಬಿಡುವುದೆಂದರೆ ಮನಸ್ಸು ಒಪ್ಪುವುದಿಲ್ಲ. ನನ್ನ ಅಪ್ಪನಂತೂ ಈ ಕಾಲುವೆ ನೋಡಿ "ಬಂದ ಮಳಿ ಹೊರಗ ಹಾಕತಿಯಲ್ಲೋ" ಎಂದು ಬೇಸರಪಟ್ಟಿದ್ದರು. ಆ ನೀರನ್ನು ಓಣಿಗೆ ಬಿಡಬೇಡಿ. ಪೇರಲ ಅಥವಾ ನುಗ್ಗಿಯ ಬುಡದಿಂದ ದೂರದಲ್ಲಿ ಒಂದು ಇಂಗುಗುಂಡಿಗೆ ಕೊಡಿ. ನೀರೂ ಉಳಿಯಿತು, ದಾಸವಾಳವೂ ಉಳಿಯಿತು.

ಯಾವ ಗಿಡ?

ಮೊದಲ ಸಲ ಹಚ್ಚುವವರಿಗೆ ನನ್ನ ಮಾತು ಒಂದೇ: ನಾಡ ಕೆಂಪು, ಐದು ಎಸಳಿನದು. ಅದು ತಾಳುವಷ್ಟು ನಮ್ಮ ನೆಲವನ್ನು ಬೇರೆ ಯಾವುದೂ ತಾಳುವುದಿಲ್ಲ. ನಂತರ ಗುಲಾಬಿ ಬಣ್ಣದ ಮುದ್ದೆ ದಾಸವಾಳ. ಎಸಳು ಸೀಳಿ ಕಿವಿಯೋಲೆಯಂತೆ ತೂಗುವ ಜುಮಕಿ ದಾಸವಾಳವೂ ಗಟ್ಟಿ ಜಾತಿ, ಸ್ವಲ್ಪ ನೆರಳಿದ್ದರೂ ನಡೆಯುತ್ತದೆ.

ನರ್ಸರಿಗಳಲ್ಲಿ ಪುಣೆ ದಾಸವಾಳ ಎಂದು ಮಾರುವ ಅಂಗೈ ಅಗಲದ, ಎರಡು ಮೂರು ಬಣ್ಣ ಕೂಡಿದ ಹೂವಿನ ಹೈಬ್ರಿಡ್‌ಗಳು ಕಣ್ಣು ಸೆಳೆಯುತ್ತವೆ. ನನಗೂ ಅವು ಪ್ರೀತಿಯೇ. ಆದರೆ ಅವನ್ನು ನೆಲಕ್ಕೆ ಹಚ್ಚಬೇಡಿ, 12ರಿಂದ 14 ಇಂಚಿನ ಮಣ್ಣಿನ ಕುಂಡದಲ್ಲಿಡಿ. ಕುಂಡಕ್ಕೆ ಎರಿ ಒಂದು ಹಿಡಿಯೂ ಬೇಡ: ಮಸಾರಿ, ಗೊಬ್ಬರ, ಕೊಕೊಪೀಟ್ ಸಮಸಮ. ಕಸಿ ಮಾಡಿದ ಗಿಡವಾದರೆ ಕಸಿಯ ಗಂಟು ಮಣ್ಣಿನ ಮೇಲೇ ಇರಲಿ, ಅದರ ಕೆಳಗೆ ಚಿಗುರಿದ್ದನ್ನೆಲ್ಲ ಕಂಡ ಕೂಡಲೇ ಚಿವುಟಿ. ಬಿಟ್ಟರೆ ಒಂದೇ ವರ್ಷದಲ್ಲಿ ಕೆಳಗಿನ ಕಾಡು ಚಿಗುರು ಮೇಲಿನ ಬಣ್ಣದ ಗಿಡವನ್ನು ತಿಂದುಹಾಕುತ್ತದೆ.

ಕಡ್ಡಿ ಮಾಡುವುದು

ಮಿರಗ ಕೂಡಿ ಒಂದು ವಾರ ಕಳೆದು, ಗಾಳಿಯಲ್ಲಿ ತಂಪು ಬಂದ ಮೇಲೆ ಕಡ್ಡಿ ಹಾಕುವ ಕಾಲ. ಆರಿದ್ರಾ, ಪುನರ್ವಸು ಮುಗಿಯುವವರೆಗೆ, ಅಂದರೆ ಜುಲೈ ಮೂರನೇ ವಾರದವರೆಗೆ ಸಮಯವಿದೆ.

ತೀರ ಹಸಿರು ತುದಿಯೂ ಬೇಡ, ಬೂದು ಬಣ್ಣದ ಹಳೇ ಕೊಂಬೆಯೂ ಬೇಡ. ಪೆನ್ಸಿಲ್ ದಪ್ಪದ, ಸಿಪ್ಪೆ ಹಸಿರಿನಿಂದ ಕಂದಿಗೆ ತಿರುಗುತ್ತಿರುವ ಕಡ್ಡಿ ಆರಿಸಿ. ಮುಂಜಾನೆ, ಎಲೆಯಲ್ಲಿ ನೀರು ತುಂಬಿರುವಾಗ ಕತ್ತರಿಸಿ. ಆರು ಇಂಚು ಉದ್ದ ಸಾಕು. ಕೆಳಗಿನ ಕೊಯ್ತ ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ, ಮೇಲಿನದು ಗಿಣ್ಣಿನ ಮೇಲೆ ನೇರವಾಗಿ ಇರಲಿ. ಆಗ ಬುಡ ಯಾವುದು ತುದಿ ಯಾವುದು ಎಂಬ ಗೊಂದಲವೂ ಇಲ್ಲ. ಮೇಲೆ ಎರಡು ಎಲೆ ಉಳಿಸಿ, ಅವು ದೊಡ್ಡವಾಗಿದ್ದರೆ ಅರ್ಧಕ್ಕೆ ಕತ್ತರಿಸಿ. ಮೊಗ್ಗಿದ್ದರೆ ತೆಗೆಯಿರಿ. ಬೇರು ಬರಿಸುವ ಹಾರ್ಮೋನ್ ಪುಡಿ ಸಿಕ್ಕರೆ ಬುಡಕ್ಕೆ ಮುಟ್ಟಿಸಿ. ನಾಡ ಕೆಂಪಿಗೆ ಅದೂ ಬೇಕಾಗಿಲ್ಲ.

ಖಾಲಿ ಹಾಲಿನ ಪಾಕೀಟಿಗೆ ತಳದಲ್ಲಿ ನಾಲ್ಕು ತೂತು ಮಾಡಿ, ಅರ್ಧ ಉಸುಕು ಅರ್ಧ ಕೊಕೊಪೀಟ್ ತುಂಬಿ, ಎರಡು ಗಿಣ್ಣು ಒಳಗೆ ಹೋಗುವಂತೆ ನಿಲ್ಲಿಸಿ. ಗೊಬ್ಬರ ಹಾಕಬೇಡಿ, ಬೇರಿಲ್ಲದ ಕಡ್ಡಿಗೆ ಗೊಬ್ಬರವೆಂದರೆ ಕೊಳೆ. ನೆರಳಲ್ಲಿಟ್ಟು ಹಸಿ ಆರದಂತೆ ನೋಡಿಕೊಂಡರೆ ನಾಲ್ಕರಿಂದ ಆರು ವಾರಕ್ಕೆ ಬೇರು ಬರುತ್ತದೆ. ಮೊದಲು ಚಿಗುರು ಬರುತ್ತದೆ, ಅದನ್ನು ನೋಡಿ ಬೇರು ಬಂತೆಂದು ಕಿತ್ತು ನೋಡುವವರೇ ಹೆಚ್ಚು. ಆ ಚಿಗುರು ಕಡ್ಡಿಯೊಳಗಿನ ಸಂಗ್ರಹದಿಂದ ಬಂದದ್ದು. ಮೆಲ್ಲಗೆ ಎಳೆದಾಗ ಕಡ್ಡಿ ಮಣ್ಣನ್ನು ಹಿಡಿದುಕೊಂಡಂತೆ ಅನ್ನಿಸಬೇಕು, ಅದೇ ಗುರುತು. ಹೈಬ್ರಿಡ್ ಕಡ್ಡಿಗಳು ಹೀಗೆ ಬೇರು ಬಿಡುವುದು ಅಪರೂಪ. ಅವಕ್ಕೆ ಗೂಟಿ ಕಟ್ಟಬೇಕು (ಗಿಡದಲ್ಲಿದ್ದಾಗಲೇ ಕೊಂಬೆಯ ಸಿಪ್ಪೆ ಸುಲಿದು ಬೇರು ಬರಿಸುವುದು) ಅಥವಾ ನಾಡ ಕೆಂಪಿನ ಮೇಲೆ ಕಸಿ ಮಾಡಬೇಕು.

ಬೇರೂರಿದ ಗಿಡವನ್ನು ದಿಬ್ಬದ ನೆತ್ತಿಯಲ್ಲಿ, ಪಾಕೀಟಿನಲ್ಲಿ ಎಷ್ಟು ಆಳವಿತ್ತೋ ಅಷ್ಟೇ ಆಳಕ್ಕೆ, ಸಂಜೆ ಹೊತ್ತು ಹಚ್ಚಿ. ಒಂದು ಕೊಡ ನೀರು ನಿಧಾನವಾಗಿ ಕೊಡಿ. ಗಾಳಿಗೆ ಅಲುಗಾಡದಂತೆ ಆಸರೆ ಕೋಲು ಕಟ್ಟಿ. ನಮ್ಮ ಮಳೆಗಾಲದ ಗಾಳಿ ಸಣ್ಣದಲ್ಲ.

ಉತ್ತರಿ, ಹಸ್ತದ ಎಚ್ಚರ

ಜೂನ್ ಜುಲೈ ನಮ್ಮಲ್ಲಿ ಮೋಡವೇ ಹೆಚ್ಚು, ಮಳೆ ಕಡಿಮೆ. ನಿಜವಾದ ಮಳೆ ಸೆಪ್ಟೆಂಬರಿನದು. ಸೆಪ್ಟೆಂಬರ್ 13ರ ಹೊತ್ತಿಗೆ ಕೂಡುವ ಉತ್ತರಿಯಿಂದ ಹಸ್ತ ಮುಗಿಯುವವರೆಗಿನ ನಾಲ್ಕು ವಾರ ದಾಸವಾಳಕ್ಕೆ ವರ್ಷದ ಕಠಿಣ ಕಾಲ. ಬೇಸಿಗೆಗೆ ಹೆದರುವವರು ಈ ನಾಲ್ಕು ವಾರ ಮೈಮರೆಯುತ್ತಾರೆ.

ಗಣಪತಿ ಹಬ್ಬದೊಳಗೆ ಕಾಲುವೆಯ ಹೂಳು ತೆಗೆಯಿರಿ. ದಿಬ್ಬದ ಮೇಲೆ ಹೊದಿಸಿದ ಕಸವನ್ನು ಬದಿಗೆ ಸರಿಸಿ, ಬುಡ ಗಾಳಿಗೆ ತೆರೆದಿರಲಿ. ಮಳೆ ಹಿಡಿದ ವಾರ ಯಾವ ಗೊಬ್ಬರವೂ ಬೇಡ. ಎಲೆ ಜೋತುಬಿದ್ದರೆ ಕೊಡ ಎತ್ತುವ ಮೊದಲು ಬೆರಳು ನಾಲ್ಕು ಇಂಚು ಮಣ್ಣಿಗೆ ಇಳಿಸಿ. ಮಣ್ಣು ಒಣಗಿ ಎಲೆ ಜೋತಿದ್ದರೆ ದಾಹ. ಮಣ್ಣು ಒದ್ದೆಯಿದ್ದೂ ಎಲೆ ಜೋತಿದ್ದರೆ ಬೇರಿಗೆ ಉಸಿರಿಲ್ಲ. ಎರಡರ ಚಹರೆ ಒಂದೇ, ಮದ್ದು ಮಾತ್ರ ತದ್ವಿರುದ್ಧ. ನಾನು ಐದು ಗಿಡ ಕೊಂದದ್ದು ಇಲ್ಲಿಯೇ.

ಒದ್ದೆಯಲ್ಲಿ ಬಾಡಿದ ಗಿಡವಾದರೆ ದಿಬ್ಬದ ಒಂದು ಬದಿಯ ಮಣ್ಣನ್ನು ಬೇರು ಕಾಣುವಷ್ಟು ಸರಿಸಿ ನೀರು ಹರಿಯಲು ಬಿಡಿ, ಕೊಂಬೆಗಳನ್ನು ಮೂರನೇ ಒಂದರಷ್ಟು ಕಡಿಮೆ ಮಾಡಿ. ಕಡಿದದ್ದರಲ್ಲಿ ಹಸಿರಾಗಿರುವುದನ್ನು ಅಂದೇ ಕಡ್ಡಿ ಮಾಡಿಡಿ. ತಾಯಿಗಿಡ ಹೋದರೂ ತಳಿ ಉಳಿಯಲಿ.

ಹಳದಿ ಎಲೆ

ಬಳಗದಲ್ಲಿ ಅತಿ ಹೆಚ್ಚು ಕೇಳುವ ದೂರು ಇದು, ಅತಿ ಹೆಚ್ಚು ತಪ್ಪು ಮದ್ದು ಆಗುವುದೂ ಇದಕ್ಕೇ. ಎಲೆ ಹಳದಿ ಕಂಡ ಕೂಡಲೇ ಯೂರಿಯಾ, ಡಿಎಪಿ ಸುರಿಯುತ್ತಾರೆ. ಮೊದಲು ಯಾವ ಎಲೆ ಹಳದಿ ಎಂದು ನೋಡಿ.

ಕೆಳಗಿನ ಹಳೇ ಎಲೆಗಳು ಇಡಿಯಾಗಿ ಹಳದಿಯಾಗಿ ಉದುರುತ್ತಿದ್ದರೆ ಸಾರಜನಕದ ಕೊರತೆ, ಅಥವಾ ಬರೀ ವಯಸ್ಸು. ಗಿಡಕ್ಕೆ 10ರಿಂದ 15 ಗ್ರಾಂ ಅಮೋನಿಯಂ ಸಲ್ಫೇಟ್ ದಿಬ್ಬದ ಅಂಚಿನಲ್ಲಿ ಉದುರಿಸಿ ನೀರು ಕೊಟ್ಟರೆ ಸಾಕು. ನಮ್ಮ ಸುಣ್ಣದ ನೆಲಕ್ಕೆ ಯೂರಿಯಾಕ್ಕಿಂತ ಇದು ಒಳ್ಳೆಯದು, ಮಣ್ಣನ್ನು ಸ್ವಲ್ಪ ಹುಳಿಯ ಕಡೆಗೆ ಎಳೆಯುತ್ತದೆ.

ತುದಿಯ ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರು ಬಲೆಯಂತೆ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ನಮ್ಮಲ್ಲಿ ಹತ್ತರಲ್ಲಿ ಏಳೆಂಟು ಸಲ ನಾನು ಕಂಡದ್ದು ಇದೇ. ಮಣ್ಣಿನಲ್ಲಿ ಕಬ್ಬಿಣವಿಲ್ಲ ಎಂದಲ್ಲ, ಬೇಕಾದಷ್ಟಿದೆ. ಸುಣ್ಣದ ಮಣ್ಣಿನಲ್ಲಿ ಅದು ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ಮಣ್ಣು ಒದ್ದೆಯಾಗಿ ನಿಂತರೆ ತೊಂದರೆ ಇಮ್ಮಡಿ. ಡಿಎಪಿ ಸುರಿದರೆ ಅದರ ರಂಜಕ ಕಬ್ಬಿಣವನ್ನು ಇನ್ನಷ್ಟು ಕಟ್ಟಿಹಾಕುತ್ತದೆ.

ಹಾಗಾಗಿ ಮೊದಲ ಮದ್ದು ನೀರು ಕಡಿಮೆ ಮಾಡುವುದು. 15 ದಿನ ನೋಡಿ. ಹೊಸ ಚಿಗುರು ಹಸಿರಾದರೆ ಅಲ್ಲಿಗೆ ಮುಗಿಯಿತು. ಆಗದಿದ್ದರೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಎಲೆಯ ಎರಡೂ ಮುಖಕ್ಕೆ ಸಂಜೆ ಸಿಂಪಡಿಸಿ. ಅಂದಂದೇ ಕಲಸಿ, ಅಂದೇ ಮುಗಿಸಿ. ನಿಂತ ದ್ರಾವಣ ತುಕ್ಕಿನ ಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬಾರದು. 10 ದಿನಕ್ಕೊಮ್ಮೆ ಮೂರು ಸಲ. ಗೋಡೆಗೂ ಒಣಹಾಕಿದ ಬಟ್ಟೆಗೂ ತಾಗಿದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಪಾನ. ಅನ್ನಭೇದಿಯನ್ನು ಎರಿ ಮಣ್ಣಿಗೆ ಹಾಕುವುದು ಹಣ ಹೂತಂತೆ. ಮಣ್ಣಿಗೆ ಸೇರಿದ ಸ್ವಲ್ಪ ಹೊತ್ತಿಗೇ ಸುಣ್ಣ ಅದನ್ನು ಕರಗದ ರೂಪಕ್ಕೆ ತಿರುಗಿಸುತ್ತದೆ.

ಮಣ್ಣಿಗೇ ಕೊಡಬೇಕೆಂದರೆ ಕೀಲೇಟ್ ಕಬ್ಬಿಣ, ಅಂದರೆ ಕರಗಿದ ರೂಪದಲ್ಲೇ ಉಳಿಯುವಂತೆ ಕಟ್ಟಿಟ್ಟ ಕಬ್ಬಿಣ ಬೇಕು. ಅದರಲ್ಲೂ ಎರಡು ಬಗೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಇಡಿಟಿಎ ನಮ್ಮ ಪಿಎಚ್‌ನಲ್ಲಿ ನಿಲ್ಲುವುದಿಲ್ಲ. ಇಡಿಡಿಎಚ್‌ಎ ಎಂದು ಕೇಳಿ ಪಡೆಯಿರಿ, ನೀರಿಗೆ ಹಾಕಿದರೆ ಕಡುಗೆಂಪು ಬಣ್ಣ ಬಿಡುತ್ತದೆ. ಬೆಲೆ ಹೆಚ್ಚು, ಆದರೆ ಗಿಡಕ್ಕೆ 5 ಗ್ರಾಂ ನೀರಿನಲ್ಲಿ ಕರಗಿಸಿ ಕೊಟ್ಟರೆ ಫಲ ಕಾಣುತ್ತದೆ.

ಒಲೆಯ ಬೂದಿ, ಮೊಟ್ಟೆಯ ಸಿಪ್ಪೆ ದಾಸವಾಳದ ಬುಡಕ್ಕೆ ಹಾಕಬೇಡಿ. ಬೇರೆ ಊರಿನಲ್ಲಿ ಅದು ಗೊಬ್ಬರವಿರಬಹುದು. ನಮ್ಮದು ಮೊದಲೇ ಸುಣ್ಣದ ನೆಲ. ನೀರಿನದೂ ಇದೇ ಕಥೆ. ಬೋರಿನ ಸವಳು ನೀರಿಗಿಂತ ಕೃಷ್ಣೆಯ ನಲ್ಲಿ ನೀರು ಉತ್ತಮ, ಅದಕ್ಕಿಂತ ಹಿಡಿದಿಟ್ಟ ಮಳೆ ನೀರು ಉತ್ತಮ. ಶುದ್ಧೀಕರಣ ಯಂತ್ರ ಹೊರಹಾಕುವ ನೀರನ್ನು ಉಳಿತಾಯವೆಂದು ಕುಂಡಕ್ಕೆ ಹಾಕುವವರಿದ್ದಾರೆ. ಆ ನೀರಿನಲ್ಲಿ ಉಪ್ಪು ಇಮ್ಮಡಿಯಾಗಿರುತ್ತದೆ. ಅದು ನೆಲ ಒರೆಸಲು ಸರಿ.

ಹಿಟ್ಟು ತಿಗಣೆ

ದಾಸವಾಳ, ಹತ್ತಿ, ಬೆಂಡೆ ಮೂರೂ ಒಂದೇ ಕುಟುಂಬದ ಗಿಡಗಳು. ಹಾಗಾಗಿ ರೋಗ ಕೀಟಗಳಲ್ಲೂ ನಂಟಸ್ತಿಕೆ. ಊರ ಸುತ್ತ ಹತ್ತಿ ಬಿಡಿಸಿ ಕಟ್ಟಿಗೆ ಕಿತ್ತ ಮೇಲೆ ತಿಗಣೆ ಗಾಳಿಯಲ್ಲಿ, ಇರುವೆಯ ಜೊತೆ, ನಮ್ಮ ಬಟ್ಟೆಯ ಮೇಲೆ ಅಂಗಳಕ್ಕೆ ಬರುತ್ತದೆ. ಬೇಲಿಯ ಕಾಂಗ್ರೆಸ್ ಕಸ ಅದರ ಬಿಡಾರ. ಬೇರೆ ಏನೂ ಮಾಡದಿದ್ದರೂ ಆ ಕಸವನ್ನು ಹೂ ಬಿಡುವ ಮೊದಲು ಕಿತ್ತುಹಾಕಿ.

ವಾರಕ್ಕೊಮ್ಮೆ ತುದಿ ಚಿಗುರಿನ ಬುಡ ಮತ್ತು ಎಲೆಯ ಅಡಿ ನೋಡಿ. ಹತ್ತಿಯ ಚೂರಿನಂಥ ಬಿಳಿ ಕಂಡರೆ ಆ ತುದಿಯನ್ನೇ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ ಉದುರಿಸಿ. ನಂತರ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, 5 ಮಿಲಿ ದ್ರವ ಸೋಪು ಕೂಡಿಸಿ ಸಂಜೆ ಸಿಂಪಡಿಸಿ. ವಾರದ ಅಂತರದಲ್ಲಿ ಮೂರು ಸಲ ಮಾಡಲೇಬೇಕು. ತಿಗಣೆಯ ಮೊಟ್ಟೆಗಳು ಮೇಣದ ಹೊದಿಕೆಯೊಳಗೆ ಇರುವುದರಿಂದ ಒಂದು ಸಿಂಪರಣೆಗೆ ಸಾಯುವುದಿಲ್ಲ.

ಇರುವೆ ಸಾಲು ಕಾಂಡ ಹತ್ತುತ್ತಿದ್ದರೆ ಅದೇ ಮೊದಲ ಸೂಚನೆ. ಇರುವೆಗಳು ತಿಗಣೆ ಬಿಡುವ ಸಿಹಿ ಅಂಟಿಗಾಗಿ ಅದನ್ನು ದನ ಕಾಯ್ದಂತೆ ಕಾಯುತ್ತವೆ, ಶತ್ರು ಹುಳುಗಳನ್ನು ಓಡಿಸುತ್ತವೆ. ಕಾಂಡಕ್ಕೆ ಬಟ್ಟೆಯ ಪಟ್ಟಿ ಸುತ್ತಿ, ಅದರ ಮೇಲೆ ಗ್ರೀಸ್ ಸವರಿ. ಗ್ರೀಸ್ ನೇರವಾಗಿ ಸಿಪ್ಪೆಗೆ ತಾಗಬಾರದು.

ಇಲ್ಲಿ ಒಂದು ವಿಷಯ ಮನಸ್ಸಿಟ್ಟು ಓದಿ. ತಿಗಣೆಯ ಗುಂಪಿನ ನಡುವೆ, ತಿಗಣೆಗಿಂತ ದೊಡ್ಡದಾದ, ಉದ್ದ ಬಿಳಿ ಎಳೆಗಳ, ಚುರುಕಾಗಿ ಓಡಾಡುವ ಹುಳು ಕಂಡರೆ ಅದನ್ನು ಕೊಲ್ಲಬೇಡಿ. ಅದು ತಿಗಣೆಯನ್ನೇ ತಿಂದು ಬದುಕುವ ಗುಲಗಂಜಿ ಹುಳುವಿನ ಮರಿ. ವೇಷ ತಿಗಣೆಯದೇ, ಕೆಲಸ ನಮ್ಮದು. ತಿಗಣೆ ಅಲುಗಾಡದಷ್ಟು ನಿಧಾನ, ಇದು ಓಡುತ್ತದೆ. ಇದು ಕಂಡ ಗಿಡಕ್ಕೆ ಸಿಂಪರಣೆ ನಿಲ್ಲಿಸಿ.

ಮೊಗ್ಗು ಹಳದಿಯಾಗಿ ಉದುರುತ್ತಿದ್ದರೆ ಒಂದನ್ನು ಸೀಳಿ ನೋಡಿ. ಒಳಗೆ ಸಣ್ಣ ಹುಳು ಇದ್ದರೆ ಬಿದ್ದ ಮೊಗ್ಗನ್ನೆಲ್ಲ ದಿನಾ ಆರಿಸಿ ಚೀಲಕ್ಕೆ ಹಾಕಿ, ಮಣ್ಣಿಗೆ ಸೇರಲು ಬಿಡಬೇಡಿ. ಹುಳು ಇಲ್ಲದಿದ್ದರೆ ನೀರಿನ ಏರುಪೇರು ಅಥವಾ ಬಿಸಿಲಿನ ಝಳ ಕಾರಣ.

ನವರಾತ್ರಿಗೆ ಹೂ ಬೇಕೆಂದರೆ

ದಾಸವಾಳ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಕತ್ತರಿ ಹಾಕದ ಗಿಡ ಎತ್ತರ ಬೆಳೆದು ಕೈಗೆಟುಕದ ಕಡೆ ನಾಲ್ಕು ಹೂ ಬಿಡುತ್ತದೆ. ಸವರಿದ ಮೇಲೆ ಹೂ ಬರಲು ಎರಡು, ಎರಡೂವರೆ ತಿಂಗಳು ಹಿಡಿಯುತ್ತದೆ. ಆದ್ದರಿಂದ ದೇವಿಯ ಪೂಜೆಗೆ ಬುಟ್ಟಿ ತುಂಬ ಕೆಂಪು ಹೂ ಬೇಕೆಂದರೆ ಮಿರಗದ ಮಳೆಯ ಬೆನ್ನಿಗೇ ದೊಡ್ಡ ಸವರಿಕೆ ಮುಗಿಸಿ, ಜುಲೈ ಕೊನೆಯೊಳಗೆ ತುದಿ ಚಿವುಟುವುದನ್ನೂ ನಿಲ್ಲಿಸಬೇಕು.

ಮೂರನೇ ಒಂದರಷ್ಟು ಎತ್ತರ ಇಳಿಸಿ. ಹೊರಮುಖದ ಗಿಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ, ಒಳಗೆ ನುಗ್ಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಬುಡಕ್ಕೇ ತೆಗೆಯಿರಿ. ದಿನಾ ಪೂಜೆಗೆ ಹೂ ಬೇಕಾದ ಮನೆಯವರು ಅರ್ಧ ಗಿಡವನ್ನು ಈಗ, ಉಳಿದರ್ಧವನ್ನು ಮೊದಲ ಅರ್ಧ ಹೂ ಬಿಡಲು ಶುರುಮಾಡಿದ ಮೇಲೆ ಸವರಿ. ಹೂ ಒಂದು ದಿನವೂ ತಪ್ಪುವುದಿಲ್ಲ. ಏಪ್ರಿಲ್, ಮೇನಲ್ಲಿ ಕತ್ತರಿ ಮುಟ್ಟಬೇಡಿ, ಎಲೆಯ ನೆರಳು ಹೋದ ಕಾಂಡದ ಸಿಪ್ಪೆ ಬಿಸಿಲಿಗೆ ಸುಟ್ಟು ಸೀಳುತ್ತದೆ.

ಚಳಿ

ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯವರೆಗೆ ನಮ್ಮೂರಿನ ರಾತ್ರಿಗಳು ಚೆನ್ನಾಗಿಯೇ ನಡುಗಿಸುತ್ತವೆ. ಹೂ ಸಣ್ಣದಾಗುತ್ತದೆ, ಎಲೆ ಸ್ವಲ್ಪ ಉದುರುತ್ತದೆ. ಗಾಬರಿ ಬೇಡ. ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ. ಫೆಬ್ರವರಿ ಮೊದಲ ವಾರ ತುದಿಗಳನ್ನಷ್ಟೇ ಹಗುರವಾಗಿ ಸವರಿ, ಒಂದು ಪುಟ್ಟಿ ತಿಪ್ಪೆ ಗೊಬ್ಬರ ಕೊಡಿ.

ಬ್ಯಾಸಿಗಿ

ಯುಗಾದಿಯೊಳಗೆ ದಿಬ್ಬವನ್ನು ಹೊದಿಸಿ. ಜೋಳದ ಕಣಕಿಯ ತುಂಡು, ಕಬ್ಬಿನ ರವದಿ, ತೊಗರಿ ಹೊಟ್ಟು, ನಮ್ಮಲ್ಲಿ ಯಾವುದಕ್ಕೂ ಬರವಿಲ್ಲ. ಮೂರು ಇಂಚು ದಪ್ಪ ಸಾಕು, ಕಾಂಡದಿಂದ ಗೇಣು ದೂರವಿರಲಿ, ಇಲ್ಲದಿದ್ದರೆ ಗೆದ್ದಲು ಏರುತ್ತದೆ. ನೆಲದ ಗಿಡಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ ಒಂದು ಕೊಡದಂತೆ ನಿಧಾನವಾಗಿ, ಬೇರಿನ ಆಳಕ್ಕೆ ಇಳಿಯುವ ಹಾಗೆ. ದಿನಾ ಚೊಂಬಿನಲ್ಲಿ ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿದು ಸುಡುತ್ತದೆ. ಕುಂಡಗಳಿಗೆ ಮಾತ್ರ ದಿನಾ ಬೇಕು, 40 ಡಿಗ್ರಿ ದಾಟಿದಾಗ ಎರಡು ಹೊತ್ತು. ದಿಬ್ಬದ ಬುಡದಲ್ಲಿ ಬಿರುಕು ಕಂಡರೆ ಗೊಬ್ಬರ ಬೆರೆಸಿದ ಪುಡಿಮಣ್ಣಿನಿಂದ ತುಂಬಿ. ಬಿರುಕು ಅಗಲವಾದಂತೆ ಎಳೆಬೇರುಗಳನ್ನು ಹರಿದುಹಾಕುತ್ತದೆ, ಆ ಕಂದಕದಿಂದಲೇ ಉಳಿದ ಹಸಿ ಆರುತ್ತದೆ.

ದಾಸವಾಳದ ನೆರೆಹೊರೆ

ಕಾಗದದ ಹೂವಿಗೆ ಈ ಉಪಚಾರ ಒಂದೂ ಬೇಡ. ಅದಕ್ಕೆ ಬಿಸಿಲು ಮತ್ತು ಬಾಯಾರಿಕೆ ಬೇಕು. ಹೂ ಬರಲಿಲ್ಲವೆಂದರೆ ನೀರು ಹೆಚ್ಚಾಗಿದೆ ಎಂದರ್ಥ. ದುಂಡುಮಲ್ಲಿಗೆಯನ್ನು ಡಿಸೆಂಬರ್ ಕೊನೆಗೆ ಮೊಣಕಾಲೆತ್ತರಕ್ಕೆ ಸವರಿ, ಎಲೆ ತೆಗೆದು, ಸಂಕ್ರಾಂತಿ ಕಳೆದ ಮೇಲೆ ನೀರು ಗೊಬ್ಬರ ಶುರುಮಾಡಿದರೆ ಯುಗಾದಿಗೆ ಮೊಗ್ಗು. ಇವೆರಡಕ್ಕೂ ದಿಬ್ಬ ಒಳ್ಳೆಯದೇ. ಕಣಗಿಲೆ ಎರಿಯಲ್ಲಿ ಹಾಗೆಯೇ ಬದುಕುತ್ತದೆ, ಆದರೆ ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಆಡು ಕಟ್ಟುವ, ಮಕ್ಕಳು ಆಡುವ ಅಂಗಳದಲ್ಲಿ ಬೇಡ, ಸವರಿದ್ದನ್ನು ಒಲೆಗೂ ಹಾಕಬೇಡಿ.

ಈ ಸಲದ ಕಡ್ಡಿ ಹಂಚುವ ದಿನ ಮಿರಗ ಕೂಡಿದ ಮೇಲೆ ಬರುವ ಎರಡನೇ ಭಾನುವಾರ, ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು. ಹಿಂದಿನ ರಾತ್ರಿ ಗಿಡಕ್ಕೆ ನೀರು ಕೊಟ್ಟಿರಿ. ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಪ್ರತಿ ಕಟ್ಟಿಗೂ ಹೂವಿನ ಬಣ್ಣ ಮತ್ತು ಎಸಳು ಬರೆದ ಚೀಟಿ ಕಟ್ಟಿ ತನ್ನಿ. ತಿಗಣೆ ಹತ್ತಿದ ಗಿಡದ ಕಡ್ಡಿ ದಯವಿಟ್ಟು ತರಬೇಡಿ, ಅಂಥ ಮನೆಯವರಿಗೆ ನಾವೇ ಬೇರೆ ಕೊಡುತ್ತೇವೆ. ಹಾಲಿನ ಖಾಲಿ ಪಾಕೀಟು ತೊಳೆದು ಒಣಗಿಸಿದ್ದು ಮನೆಗೆ ಹತ್ತು ಬೇಕು. ಬಿಳಿ ದಾಸವಾಳ ಇರುವುದು ನಮ್ಮಲ್ಲಿ ಎರಡೇ ಮನೆಯಲ್ಲಿ, ಈ ವರ್ಷ ಅದರದು ಮನೆಗೆ ಒಂದೇ ಕಡ್ಡಿ.